ಪತ್ತಾಯದ ಕೋಣೆಯ ಕೋವಿ

ನಮ್ಮ ಕಡೆ ಕೋವಿಯ ಸದ್ದಿಗೆ ಅರ್ಥವಿದೆ. ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸಿದರೆ ಆ ಮನೆಯಲ್ಲಿ ಗಂಡು ಹುಟ್ಟಿದೆ ಎಂದು. ಒಂದರ ಹಿಂದೊಂದು ಎರಡು ಹಾರಿಸಿದರೆ ಯಾರೋ ತೀರಿಕೊಂಡಿದ್ದಾರೆ ಎಂದು. ಕೇಳಿದವರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಬರಬೇಕು. ಹೆಣ್ಣು ಹುಟ್ಟಿದರೆ ಏನೂ ಹಾರಿಸುವುದಿಲ್ಲ. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಹೆಣ್ಣು ಹುಟ್ಟಿದ್ದನ್ನು ಊರಿಗೆಲ್ಲ ಸಾರಿ ಏನಾಗಬೇಕು ಎಂದು ನನ್ನ ಅಜ್ಜಿ ನಕ್ಕಿದ್ದಳು. ಅವಳೂ ಹೆಣ್ಣೇ ಆಗಿದ್ದಳು.

ನನ್ನ ದೊಡ್ಡ ಮಗಳು ಹುಟ್ಟಿದ ದಿನ ಮಾವನವರು ಬೆಳಗ್ಗಿನಿಂದ ಕೋವಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಕೋಣೆಯ ಕಿಟಕಿ ಅಂಗಳದ ಕಡೆಗೇ ಇತ್ತು. ಒಳಗಿನಿಂದ ಹೆಣ್ಣು ಎಂಬ ಮಾತು ಹೋಯಿತು. ಆಮೇಲೆ ಕೋವಿಯನ್ನು ಮಡಚಿ ತೋಟಾ ಹೊರತೆಗೆದ ಸದ್ದು ನನಗೆ ಕೇಳಿಸಿತು. ಟಕ್ ಎಂದು ಒಂದು ಸಣ್ಣ ಸದ್ದು, ಅಷ್ಟೆ. ಕೋವಿ ಗೋಡೆಯ ಗೂಟಕ್ಕೆ ಹೋಯಿತು, ಮಾವ ತೋಟಕ್ಕೆ ಹೋದರು. ಹೆತ್ತ ನೋವು ಎಷ್ಟಿತ್ತೆಂದು ಈಗ ನೆನಪಿಗೆ ಬರುವುದಿಲ್ಲ, ಆ ಟಕ್ ಮಾತ್ರ ಕಿವಿಯಲ್ಲೇ ಇದೆ. ಮುಂದೆ ನಡೆದದ್ದನ್ನೆಲ್ಲ ಹೇಳುವಾಗ ನನ್ನ ಮಾತು ಒರಟಾಗಿ ಕೇಳಿದರೆ ಅದಕ್ಕೆ ಕಾರಣ ಇಲ್ಲಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮಾವನಿಗೆ ಆ ಸೇರಿದ್ದೇ ಸರಿಬಂದಿರಲಿಲ್ಲ. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಮಳೆ ತಡವಾದರೂ, ಕರಿಮೆಣಸಿನ ಬಳ್ಳಿಗೆ ರೋಗ ಬಂದರೂ, ಹಾಲು ಒಡೆದರೂ ಬೆಂಗಳೂರಿನವರನ್ನೇ ಬಯ್ಯುತ್ತಿದ್ದರು. ಹೀಗಿರುವಾಗ ನಾಟಿಯ ಸಮಯದಲ್ಲಿ, ಎಲ್ಲರೂ ಗದ್ದೆಯಲ್ಲಿದ್ದ ಹೊತ್ತಿಗೆ, ಕೆಳಗಿನ ಮನೆಯಿಂದ ಹಾಡಹಗಲೇ ಕರಿಮೆಣಸು, ಏಲಕ್ಕಿಯ ಚೀಲಗಳು ಕಳವಾದವು. ಸಂಪಾಜೆ ಘಾಟಿಯಲ್ಲಿ ಲಾರಿಗಳ ಓಡಾಟ ಹೆಚ್ಚಾಗಿತ್ತು, ಹೊತ್ತು ತಂದು ರಸ್ತೆಗೆ ಮುಟ್ಟಿಸಿದರೆ ಸಾಕು, ಮಾಲು ಸಂಜೆಗೆ ಮಂಗಳೂರಿನಲ್ಲಿ. ಕೊಡಗು ಕೊಡಗಾಗಿದ್ದಾಗ ಬಾಗಿಲಿಗೆ ಬೀಗವೇ ಇರಲಿಲ್ಲ ಎಂದು ಮಾವ ಮೂರು ಹೊತ್ತೂ ಹೇಳತೊಡಗಿದರು. ಬೀಗ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಮಿಲಿಟರಿಯವರು, ಅವರಿಗೆ ಅಲಾರಾಂ ಬೇಕಾಯಿತು.

ಮೊದಲು ತಂದದ್ದು ವಿದ್ಯುತ್ ಗಂಟೆ. ಇಂಗ್ಲೆಂಡಿಗೆ ಹಿಂದಿರುಗುತ್ತಿದ್ದ ಒಬ್ಬ ಎಸ್ಟೇಟ್ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ ಬ್ಯಾಟರಿಗಳ ಜೊತೆಗೆ ಕೊಂಡುಕೊಂಡಿದ್ದರು. ನಮ್ಮ ಮನೆಯಲ್ಲಿ ಪತ್ತಾಯದ ಕೋಣೆ ಎಂದು ಒಂದು ಕೋಣೆ. ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆಗೆ ಪತ್ತಾಯ ಎನ್ನುತ್ತೇವೆ. ಕರಿಮೆಣಸು, ಏಲಕ್ಕಿ, ಅಕ್ಕಿ, ನನ್ನ ಮದುವೆಯ ಒಡವೆ, ಎಲ್ಲ ಅಲ್ಲೇ ಇರುತ್ತಿದ್ದವು. ಆ ಬಾಗಿಲಿನಿಂದ ಜಗಲಿಯವರೆಗೆ ತಂತಿ ಎಳೆದು ಗಂಟೆ ಕಟ್ಟಿದರು. ವಾರದೊಳಗೆ ಇಲಿಗಳು ತಂತಿ ಕಡಿದು ಹಾಕಿದವು. ಹೊಸ ತಂತಿ ಹಾಕಿದರು, ಅದನ್ನೂ ಕಡಿದವು. ಮಳೆಗಾಲದ ತೇವಕ್ಕೆ ಬ್ಯಾಟರಿ ಹಸಿರು ಕಟ್ಟಿ ಒಸರತೊಡಗಿತು. ಮಾವ ಅದನ್ನೆಲ್ಲ ಕಿತ್ತು ಹಾಕಿದಾಗ, ಪೀಡೆ ಕಳೆಯಿತು ಎಂದುಕೊಂಡು ನಾನು ಅಡುಗೆಮನೆಯಲ್ಲಿ ಖುಷಿಪಟ್ಟೆ. ಅದು ನನ್ನ ದಡ್ಡತನ.

ಅವರು ಕಂಡುಕೊಂಡದ್ದೇನೆಂದರೆ, ಕೆಟ್ಟದ್ದು ಗಂಟೆಯಲ್ಲ, ತಂತಿ. ಹಾಗಾಗಿ ತಂತಿಯೇ ಇಲ್ಲದ ಅಲಾರಾಂ ಮಾಡುತ್ತೇನೆ ಎಂದು ಹೊರಟರು. ಅಟ್ಟದಲ್ಲಿದ್ದ ಹಳೆಯ ಜೋಡಿ ನಳಿಗೆಯ ಕೋವಿಯನ್ನು ಇಳಿಸಿದರು. ಅದನ್ನು ಪತ್ತಾಯದ ಕೋಣೆಯೊಳಗೆ ಕಂಬಕ್ಕೆ ಬಿಗಿದು, ಬಾಯಿಯನ್ನು ಸೂರಿನ ಕೆಳಗಿನ ಗವಾಕ್ಷಿಯ ಕಡೆಗೆ ತಿರುಗಿಸಿದರು. ತೋಟಾದೊಳಗಿನ ಚರೆಗಳನ್ನು ತೆಗೆದು ಮದ್ದು ಮಾತ್ರ ಉಳಿಸಿದರು. ಬಾಗಿಲು ಮುಚ್ಚಿದಾಗ ಒಂದು ಮರದ ತುಂಡು ಬಾಗಿಲಿಗೂ ಕಂಬಕ್ಕೂ ನಡುವೆ ಒತ್ತಿಕೊಂಡು ನಿಲ್ಲುತ್ತದೆ. ತುಂಡಿನ ಮೇಲೊಂದು ಕಲ್ಲು, ಕಲ್ಲಿಗೆ ಕಟ್ಟಿದ ಹಗ್ಗ ಕೋವಿಯ ಕುದುರೆಗೆ. ಬಾಗಿಲು ಸ್ವಲ್ಪ ಸರಿದರೂ ತುಂಡು ಬೀಳುತ್ತದೆ, ಕಲ್ಲು ಜಗ್ಗುತ್ತದೆ, ಕೋವಿ ಹಾರುತ್ತದೆ.

“ಇದಕ್ಕೆ ತಂತಿ ಬೊಡ, ಬ್ಯಾಟರಿ ಬೊಡ,” ಎಂದು ಮಾವ ಜಗಲಿಯಲ್ಲಿ ಕೂತು ಅತ್ತೆಗೆ ವಿವರಿಸಿದರು. “ಇಲಿಗೆ ಕಚ್ಚಿಕೆ ಎಂಥ ಉಟ್ಟು?”

ಹಗ್ಗ ಉಂಟಲ್ಲ ಎಂದು ಯಾರೂ ಹೇಳಲಿಲ್ಲ. ಮಾವನ ಎದುರು ಸೊಸೆ ಮಾತಾಡುವ ಕಾಲ ಅದಲ್ಲ. ನನ್ನ ಗಂಡ ಕುಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಇದ್ದಿದ್ದರೂ ಅವರು ಹೇಳುತ್ತಿರಲಿಲ್ಲ.

ಕೋಣೆಯೊಳಗೆ ಹೋಗಬೇಕಾದರೆ ಬಾಗಿಲ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ ಆ ತುಂಡನ್ನು ಹಿಡಿದುಕೊಂಡು ಬಾಗಿಲು ತೆಗೆಯಬೇಕು. ಅದು ಮಾವನಿಗೆ ಮಾತ್ರ ಬರುತ್ತಿತ್ತು, ಮಾವ ಮಾತ್ರ ಮಾಡಬೇಕಿತ್ತು. ಒಂದು ಸೇರು ಅಕ್ಕಿ ಬೇಕಾದರೂ ಅವರನ್ನು ತೋಟದಿಂದ ಕರೆಸಬೇಕು. ಅವರು ಬಂದು, ಕೈ ತೊಳೆದು, ಕೆಮ್ಮಿ, ಕಿಂಡಿಯಲ್ಲಿ ಕೈ ಹಾಕಿ, ಎಲ್ಲರೂ ದೂರ ನಿಲ್ಲಿ ಎಂದು ಹೇಳಿ, ಬಾಗಿಲು ತೆಗೆಯುವಷ್ಟರಲ್ಲಿ ಒಲೆಯ ಮೇಲಿನ ಎಸರು ಬತ್ತಿರುತ್ತಿತ್ತು. ನಾನು ಆಗ ಎರಡನೆಯ ಬಸುರಿ. ಹಸಿವು ತಡೆಯುವುದು ಕಷ್ಟ. ಎಷ್ಟೋ ಸಲ ಆ ಬಾಗಿಲಿನ ಎದುರು ನಿಂತು ಹಲ್ಲು ಕಡಿದಿದ್ದೇನೆ.

ಮೊದಲ ಸಲ ಅದು ತಾನಾಗಿ ಹಾರಿದ್ದು ಒಂದು ಸಂಜೆ. ಜೋಡಿ ನಳಿಗೆ ಎಂದೆನಲ್ಲ, ಒಂದು ತೇವಕ್ಕೆ ಕೈಕೊಟ್ಟರೆ ಇನ್ನೊಂದಿರಲಿ ಎಂದು ಮಾವ ಎರಡಕ್ಕೂ ತೋಟಾ ತುಂಬಿದ್ದರು. ಹಗ್ಗ ಮೊದಲು ಒಂದು ಕುದುರೆ ಎಳೆಯಿತು, ಒಂದು ಉಸಿರಿನ ನಂತರ ಇನ್ನೊಂದನ್ನು. ನಾವೆಲ್ಲ ಬೆಚ್ಚಿಬಿದ್ದು ಕೋಣೆಯ ಕಡೆ ಓಡಿದೆವು. ಬಾಗಿಲು ಮುಚ್ಚಿದಂತೆಯೇ ಇತ್ತು. ಕಳ್ಳ ಇಲ್ಲ, ಕಳ್ಳನ ನೆರಳೂ ಇಲ್ಲ. ಮದ್ದಿನ ಹೊಗೆ ಮಾತ್ರ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಜನ ಕಾಣಿಸಿದರು. ಮೇಲಿನ ಮನೆಯ ಅಜ್ಜ ಮುಂದೆ, ಅವರ ಹಿಂದೆ ಅವರ ಮನೆಯವರು, ಕೆಳಗಿನ ಮನೆಯವರು, ಹೊಳೆಯಾಚೆಯವರು. ಮಳೆಗೆ ಓಲೆಯ ಗೊರಬೆ ಹೊದ್ದು ಮಂಡಿಯವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದರು. ಹೆಂಗಸರು ದಾರಿಯಿಂದಲೇ ಅಳು ತೆಗೆದಿದ್ದರು. ಯಾರಿಗೆ ಎಂದು ಅವರಿಗೆ ಸಂಶಯವೇ ಇರಲಿಲ್ಲ, ಮಾವನಿಗೆ ಆ ವರ್ಷ ದಮ್ಮು ಜೋರಾಗಿತ್ತು. ಅಂಗಳ ದಾಟಿ ಜಗಲಿಗೆ ಬಂದರೆ ಮಾವನೇ ನಿಂತಿದ್ದಾರೆ.

“ಯಾರಿಗೆ ಎಂಥ ಆತ್?” ಎಂದು ಅಜ್ಜ ಮಾವನನ್ನೇ ಕೇಳಿದರು.

“ಯಾರಿಗೂ ಎಂಥ ಆಗಿಲ್ಲೆ,” ಎಂದರು ಮಾವ. “ಅಲಾರಾಂ. ಬನ್ನಿ, ಕಾಫಿ ಕುಡ್ದ್ ಹೋಗಿ.”

ಸಾವಿನ ಮನೆಯಲ್ಲಾದರೆ ಒಲೆ ಹೊತ್ತಿಸುವ ಹಾಗಿಲ್ಲ. ಸಾಯದ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಆಗಬೇಕು. ಅಂಗಳದ ತುಂಬ ಜನ, ಬೆಲ್ಲ ಪತ್ತಾಯದ ಕೋಣೆಯಲ್ಲಿ, ಬಾಗಿಲು ತೆಗೆಯಬೇಕಾದವರು ಜಗಲಿಯಲ್ಲಿ ಅಲಾರಾಂ ಹೇಗೆ ಕೆಲಸ ಮಾಡುತ್ತದೆಂದು ಮಾತಾಡುತ್ತಾ ಕೂತಿದ್ದಾರೆ. ಅತ್ತೂ ಅತ್ತೂ ಬಂದ ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೊಟ್ಟೆ ನೋಡಿ, ಈ ಸಲ ಹೈದನೇ ಎಂದರು. ಹೈದ ಎಂದರೆ ನಮ್ಮ ಮಾತಿನಲ್ಲಿ ಗಂಡು ಮಗು. ಹೊಗೆಗೆ ಕಣ್ಣುರಿಯುತ್ತಿತ್ತು, ಸೊಂಟ ಬಿದ್ದು ಹೋಗುತ್ತಿತ್ತು. ಒಂದು ಪಾತ್ರೆ ಮುಗಿಯುವಷ್ಟರಲ್ಲಿ ಹೊಳೆಯಾಚೆಯಿಂದ ಇನ್ನೊಂದು ಗುಂಪು ಬಂತು.

ಎರಡು ಗುಂಡು ಬೇಡ ಎಂದು ಮೇಲಿನ ಮನೆಯ ಅಜ್ಜ ಹೋಗುವಾಗ ಖಡಾಖಂಡಿತವಾಗಿ ಹೇಳಿದರು. ಸಾವಿನ ಸದ್ದನ್ನು ಹೀಗೆ ಬೇಕಾಬಿಟ್ಟಿ ಮಾಡಿದರೆ ನಾಳೆ ನಿಜವಾಗಿ ಸತ್ತಾಗ ಹೆಣ ಎತ್ತಲು ಜನ ಬರುವುದಿಲ್ಲ ಎಂದರು. ಮಾವ ಒಪ್ಪಿದರು. ಒಂದೇ ನಳಿಗೆಗೆ ತೋಟಾ ಹಾಕುತ್ತೇನೆ ಎಂದರು. ಒಂದಕ್ಕೂ ಒಂದು ಅರ್ಥವಿದೆ ಎಂಬುದು ಆ ಹೊತ್ತಿನಲ್ಲಿ ಅಂಗಳದಲ್ಲಿದ್ದ ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ನಾನು ಲೋಟ ತೊಳೆಯುತ್ತಿದ್ದೆ.

ಆಮೇಲೆ ರಿಪೇರಿ ಶುರುವಾಯಿತು. ಬಾಗಿಲು ತೆಗೆಯದೆ ಕೋವಿ ಹಾರಿದ್ದು ಯಾಕೆ ಎಂದು ಕಂಡುಹಿಡಿಯಬೇಕಲ್ಲ. ಮೊದಲು ಸಿಕ್ಕಿದ್ದು ಬೆಕ್ಕು. ಬೆಕ್ಕು ಗವಾಕ್ಷಿಯಿಂದ ಇಳಿದು ತುಂಡನ್ನು ತಟ್ಟಿದೆ ಎಂದು ತೀರ್ಮಾನಿಸಿ, ಅದನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ಮಡಿಕೇರಿಗೆ ಕೊಂಡುಹೋಗಿ ಬಿಟ್ಟು ಬಂದರು. ಬೆಕ್ಕು ಹೋದ ಮೇಲೆ ಇಲಿ ಹೆಚ್ಚಿದವು, ಕೋವಿ ಮತ್ತೆ ಹಾರಿತು. ಆಮೇಲೆ ಕಲ್ಲಿನ ಮೇಲೆ ಅನುಮಾನ, ದೊಡ್ಡದಾಯಿತು ಎಂದು ಚಿಕ್ಕದು ಹಾಕಿದರು. ತುಂಡಿನ ತುದಿ ನಯವಾಗಿದೆ ಎಂದು ಅರದಿಂದ ಉಜ್ಜಿದರು. ಗಾಳಿಗೆ ಬಾಗಿಲು ಅಲುಗುತ್ತದೆ ಎಂದು ಸಂದಿಗೆ ಬಟ್ಟೆ ತುರುಕಿದರು. ಮಾಡಿದ್ದೆಲ್ಲ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಇನ್ನೊಂದು ತೋಟಾ ಹಾಳುಮಾಡಬಾರದಲ್ಲ, ಹಾಗಾಗಿ ಯಾವುದನ್ನೂ ನೋಡಲಿಲ್ಲ. ಮುಂದಿನ ಸಲ ಹಾರುವವರೆಗೆ ಎಲ್ಲ ಸರಿಯಾಗಿದೆ ಎಂದೇ ಲೆಕ್ಕ.

ಒಂದು ಗುಂಡು ಹಾರಿದ ಮೊದಲ ಸಲ ನನಗೆ ಆರು ತಿಂಗಳು ತುಂಬಿತ್ತು. ಬದುವಿನ ಮೇಲೆ ಮತ್ತೆ ಜನ, ಈ ಸಲ ಅಳು ಇಲ್ಲ. ಹೆಂಗಸರು ಗಾಬರಿ ಅರ್ಧ, ನಗು ಅರ್ಧ ಹೊತ್ತು ಬಂದರು. ಇಷ್ಟು ಬೇಗ ಹೆತ್ತಳಾ, ಮಗು ಉಳಿದಿದೆಯಾ, ಹೇಗೂ ಹೈದ ತಾನೆ ಎಂದು ಜಗಲಿಯಿಂದಲೇ ಕೇಳಿದರು. ನಾನು ಅಡುಗೆಮನೆಯಿಂದ ಹೊಟ್ಟೆ ಹೊತ್ತುಕೊಂಡು ಹೊರಗೆ ಬಂದೆ. ನನ್ನನ್ನು ನೋಡಿ ಎಲ್ಲರೂ ನಕ್ಕರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮಾವನಿಗೆ ನಾಚಿಕೆಯಾಗುತ್ತದೆ, ಇನ್ನಾದರೂ ಅದನ್ನು ಬಿಚ್ಚಿಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಮೀಸೆ ತಿರುವಿದರು. “ಇನ್ನೂ ಆಗಿಲ್ಲೆ,” ಎಂದರು. “ಬಾಗಿಲಿಗೆ ಮೊದ್ಲೇ ಗೊತ್ತಾತ್.” ಗಂಡಸರಿಗೆ ಒಳಗಿನಿಂದ ಬಾಟಲಿ ತರಿಸಿದರು.

ಅಲ್ಲಿಂದ ಕೆಟ್ಟ ಅಲಾರಾಂ ನಮ್ಮ ಮನೆಯಲ್ಲಿ ಶಕುನವಾಯಿತು. ಪ್ರತಿ ಸಲ ಹಾರಿದಾಗಲೂ ಮಾವನ ಮುಖ ಅರಳುತ್ತಿತ್ತು. ಹುಟ್ಟುವ ಹೈದನಿಗೆ ಹೆಸರಿಟ್ಟರು. ಅವನು ಯಾವ ರೆಜಿಮೆಂಟಿಗೆ ಸೇರಬೇಕೆಂದು ಹೇಳಿದರು. ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುವಾಗ, ಈ ಸಲ ಅವರ ಮುಖ ಉಳಿಸು ಎಂದರು. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ಒಂದು ಹಲಸಿನ ಮರದ ಬಾಗಿಲು ಹೇಳುತ್ತದೆ, ಊರೆಲ್ಲ ಅದನ್ನು ನಂಬುತ್ತದೆ. ಹೆಣ್ಣಾದರೆ ತಪ್ಪು ಬಾಗಿಲಿನದ್ದಲ್ಲ, ನನ್ನದು. ಇದನ್ನು ಯೋಚಿಸುತ್ತಾ ನಾನು ಕಳೆದ ಮಧ್ಯಾಹ್ನಗಳು ಒಂದೆರಡಲ್ಲ.

ಶಕುನ ಎಂದು ಖುಷಿಪಟ್ಟವರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದನ್ನಾದರೂ ಬಿಟ್ಟಿದ್ದರೆ ಒಂದು ಮಾತಾಗಿತ್ತು. ಅದನ್ನೂ ಬಿಡಲಿಲ್ಲ. ಪಕ್ಕದ ತೋಟದ ಕೂಲಿ ಲೈನಿನಲ್ಲಿ ತುಳು ಮಾತಾಡುವ ಒಬ್ಬ ಹೆಂಗಸಿದ್ದಳು. ನಮ್ಮ ಮನೆಗೆ ನೀರು ಹೊರಲು, ಗುಡಿಸಲು ಬರುತ್ತಿದ್ದಳು. ಸುತ್ತಿನ ಎಷ್ಟೋ ಹೆರಿಗೆಗಳು ಅವಳ ಕೈಯಲ್ಲೇ ಆಗಿದ್ದವು. ನನ್ನ ತವರು ಘಾಟಿಯ ಕೆಳಗೆ. ತಾಯಿ ಇಲ್ಲದ್ದರಿಂದ ಮೊದಲ ಹೆರಿಗೆಗೇ ಅಲ್ಲಿಗೆ ಹೋಗಲಾಗಿರಲಿಲ್ಲ. ನನಗೆ ಇದ್ದದ್ದು ಈ ಹೆಂಗಸು ಒಬ್ಬಳೇ. ಒಂದು ಸಂಜೆ ಅವಳು ಕೋಣೆಯ ಎದುರು ಗುಡಿಸುತ್ತಿದ್ದಾಗ ಕೋವಿ ಹಾರಿತು. ಬಾಗಿಲು ತಳ್ಳಿದ್ದು ನೀನೇ, ಒಳಗೆ ಏನಿದೆ ಎಂದು ನೋಡುವುದಕ್ಕೆ ತಳ್ಳಿದೆ ಎಂದು ಮಾವ ಎಲ್ಲರ ಎದುರು ಹೇಳಿದರು.

“ನಾನು ಬಾಗಿಲು ಮುಟ್ಟಲಿಲ್ಲ ಅಕ್ಕ,” ಎಂದು ಅವಳು ಹೇಳಿದ್ದು ಮಾವನಿಗಲ್ಲ, ನನಗೆ. “ದೇವರಾಣೆ ಮುಟ್ಟಲಿಲ್ಲ.”

ಅವಳು ಮುಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಹೋದಳು, ಮರುದಿನ ಬರಲಿಲ್ಲ. ನೀರು ಹೊರುವುದೂ ನನ್ನ ತಲೆಗೇ ಬಂತು. ಏಳು ತಿಂಗಳ ಹೊಟ್ಟೆ ಹೊತ್ತು, ಜಾರುವ ದಾರಿಯಲ್ಲಿ ಕೊಡ ಇಟ್ಟುಕೊಂಡು ಬರುವಾಗ ಆ ಕೋವಿಗೆ ನಾನು ಹಾಕಿದ ಶಾಪ ಯಾವ ಶತ್ರುವಿಗೂ ಬೇಡ.

ಆದರೆ ನೀರು ಹೊತ್ತದ್ದರಿಂದಲೇ ನನಗೆ ಕಾರಣ ಸಿಕ್ಕಿತು. ಬಚ್ಚಲಿನ ಹಂಡೆಯ ಒಲೆ ಪತ್ತಾಯದ ಕೋಣೆಯ ಗೋಡೆಗೆ ಅಂಟಿಕೊಂಡಿತ್ತು. ಬಾಗಿಲು ಒಲೆಗೆ ಒಂದು ಮಾರು ದೂರ. ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತಿತ್ತು. ಮಾವ ತುಂಡನ್ನು ನಿಲ್ಲಿಸುತ್ತಿದ್ದದ್ದು ಆಗ. ಗದ್ದೆಯಿಂದ ಎಲ್ಲರೂ ನೆನೆದು ಬಂದ ದಿನ ಹಂಡೆ ತುಂಬ ನೀರು, ಒಲೆ ತುಂಬ ಕೊದಂಟಿ ಸೌದೆ. ಉರಿ ಜೋರಾಗಿ ಗೋಡೆ ಕಾದು, ಬಾಗಿಲು ಒಣಗಿ ಸಡಿಲವಾಗುತ್ತಿತ್ತು. ತುಂಡು ಜಾರುತ್ತಿತ್ತು. ಬಿಸಿಲಿದ್ದ ದಿನ, ಸ್ನಾನ ಕಡಿಮೆ ಇದ್ದ ದಿನ ಅದು ಒಮ್ಮೆಯೂ ಹಾರಿರಲಿಲ್ಲ. ಬೆಕ್ಕಿನದ್ದಲ್ಲ, ಗಾಳಿಯದ್ದಲ್ಲ, ಆ ಹೆಂಗಸಿನದ್ದಂತೂ ಅಲ್ಲವೇ ಅಲ್ಲ.

ಅತ್ತೆಗೆ ಹೇಳಿದೆ. “ಹೇಳಿರೆ ಕೇಳುವ ಜನ ಅಲ್ಲ,” ಎಂದು ಅವರು ವೀಳ್ಯ ಹಾಕಿಕೊಂಡರು. ಗಂಡ ಮನೆಗೆ ಬಂದ ವಾರ ಅವರಿಗೆ ಹೇಳಿದೆ, ನಂಬಲಿಲ್ಲ. ಹಾಗಾದರೆ ನೋಡಿ ಎಂದು ಬಚ್ಚಲ ಒಲೆಗೆ ಕಟ್ಟಿಗೆ ತುರುಕಿ ಉರಿ ಎಬ್ಬಿಸಿದೆ. ಅವರನ್ನು ಬಾಗಿಲ ಎದುರಿಗೆ ಮಣೆ ಹಾಕಿ ಕೂರಿಸಿದೆ. ಹಂಡೆಯ ನೀರು ಮರಳತೊಡಗಿದ ಸ್ವಲ್ಪ ಹೊತ್ತಿಗೆ ಬಾಗಿಲು ಕಿರ್ ಎಂದಿತು, ಒಳಗೆ ತುಂಡು ಬಿತ್ತು, ಕೋವಿ ಹಾರಿತು. ಅವರು ಮಣೆಯಿಂದ ಬಿದ್ದರು. ಹೊರಗೆ ಮಾವನ ನಗು ಕೇಳಿಸಿತು. ಕೆಳಗಿನ ಮನೆಯಿಂದ ಯಾರೋ ಕೂಗಿ ಕೇಳಿದ್ದಕ್ಕೆ, ಹೈದನೇ, ಹೈದನೇ ಎಂದು ಉತ್ತರ ಕೊಡುತ್ತಿದ್ದರು.

“ಈಗ ಹೋಗಿ ಹೇಳಿ,” ಎಂದೆ ನನ್ನ ಗಂಡನಿಗೆ.

ಅವರು ಎದ್ದು ಪಂಚೆ ಕೊಡವಿಕೊಂಡರು. “ಅಪ್ಪಂಗೆ ಹೇಳಿಕೆ ನಂಗೆ ಧೈರ್ಯ ಇಲ್ಲೆ. ಮಳೆ ನಿಂತ್ರೆ ಸರಿ ಆಗುತ್ತಲ್ಲ.”

ಎಸ್ಟೇಟಿನಲ್ಲಿ ಇನ್ನೂರು ಆಳುಗಳನ್ನು ಗದರುವ ರೈಟರ್ ಅವರು. ಆ ಹೊತ್ತು ನನಗೆ ಮಾವನ ಮೇಲಿದ್ದ ಸಿಟ್ಟಿಗಿಂತ ಇವರ ಮೇಲೆ ಹೆಚ್ಚು ಬಂತು. ಮಾವನಿಗೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಾಗಿತ್ತು. ಆ ಹೆಂಗಸಿಗೆ ಕಳ್ಳಿಯೆಂಬ ಹೆಸರು ಹಾಗೇ ಉಳಿಯಿತು. ಅವತ್ತು ಇವರ ಸ್ನಾನಕ್ಕೆ ನಾನು ನೀರು ತೋಡಿಕೊಡಲಿಲ್ಲ.

ಮಳೆ ನಿಂತಿತು. ಬಾಗಿಲು ಒಣಗಿ ಒಂದು ಹದಕ್ಕೆ ಬಂತು, ಮಾವ ತುಂಡನ್ನು ಮತ್ತೊಮ್ಮೆ ಸರಿಯಾಗಿ ನಿಲ್ಲಿಸಿದರು. ಕೋವಿ ಸುಮ್ಮನಾಯಿತು. ಕಡೆಗೂ ರಿಪೇರಿ ಆಯಿತು ನೋಡಿ ಎಂದು ಬಂದವರಿಗೆಲ್ಲ ತೋರಿಸಿದರು. ಆ ದಿನಗಳಲ್ಲೇ ಬಚ್ಚಲಿನ ತಾಮ್ರದ ಚೊಂಬು ಕಳವಾಯಿತು. ಅಲಾರಾಂ ಇದ್ದ ಗೋಡೆಯ ಇನ್ನೊಂದು ಮಗ್ಗುಲಿನಲ್ಲಿತ್ತು ಅದು. ಈ ವಿಷಯ ಬಂದವರಿಗೆ ಹೇಳಲಿಲ್ಲ.

ಹುತ್ತರಿ ಹಬ್ಬ ಕಳೆದು ಕಾಫಿ ಪಿಕಿಂಗ್ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ನನಗೆ ನೋವು ಶುರುವಾಯಿತು. ಅತ್ತೆ ಲೈನಿಗೆ ಹೋಗಿ ಆ ತುಳು ಹೆಂಗಸನ್ನೇ ಕರೆತಂದರು, ಬೇರೆ ಯಾರಿದ್ದರು. ಕಳ್ಳಿ ಎನ್ನಿಸಿಕೊಂಡವಳು ಒಂದು ಮಾತೂ ಆಡದೆ ಬಂದಳು. ಅಂಗಳದಲ್ಲಿ ಮಾವ ಗೂಟದ ಮೇಲಿದ್ದ ಒಳ್ಳೆಯ ಕೋವಿಯನ್ನು ಎಣ್ಣೆ ಹಾಕಿ ಒರೆಸಿ, ತೋಟಾ ತುಂಬಿಕೊಂಡು ನಿಂತಿದ್ದರು. ಅವರ ಕೆಮ್ಮು ಕಿಟಕಿಯಿಂದ ಕೇಳಿಸುತ್ತಿತ್ತು. ಮಧ್ಯಾಹ್ನದೊಳಗೆ ಹೆರಿಗೆಯಾಯಿತು.

“ಹೆಣ್ಣು ಅಕ್ಕ,” ಎಂದಳು ಅವಳು ಮೆಲ್ಲಗೆ. “ಚಂದ ಉಂಟು.”

ಅತ್ತೆ ಹೊರಗೆ ಹೋದರು. ಹೆಣ್ಣು ಎಂದು ಅವರು ಅಂಗಳದಲ್ಲಿ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಆಮೇಲೆ ಟಕ್ ಎಂದು ಕೋವಿ ಮಡಚಿದ ಸದ್ದು. ಅದೇ ಸದ್ದು, ಮೂರು ವರ್ಷದ ಹಿಂದಿನದ್ದೇ. ಮಳೆಗಾಲವಿಡೀ ಇಲ್ಲದ ಮಗುವಿಗೆ ಗುಂಡು ಹಾರಿತ್ತು. ಹಂಡೆ ಕಾದರೆ ಗುಂಡು, ಒಲೆಗೆ ಕಟ್ಟಿಗೆ ಹೆಚ್ಚಾದರೆ ಗುಂಡು. ಈಗ ನಿಜವಾದ ಮಗು ನನ್ನ ಮಗ್ಗುಲಲ್ಲಿ ಅಳುತ್ತಿದೆ, ಮದ್ದು ಹಾಳಾಗಬಾರದೆಂದು ತೋಟಾ ಹೊರಗೆ ತೆಗೆಯುತ್ತಿದ್ದಾರೆ. ನನ್ನ ಕಣ್ಣಿಗೆ ಕತ್ತಲೆ ಬಂದಂತಾಯಿತು. ನೋವಿಗಲ್ಲ, ಸಿಟ್ಟಿಗೆ.

ನಾನು ಎದ್ದೆ. ಬೇಡ ಅಕ್ಕ, ಬೇಡ ಎಂದು ಅವಳು ಹಿಡಿಯಲು ಬಂದಳು. ಮಗುವನ್ನು ನೋಡಿಕೊ ಎಂದೆ. ಹೆತ್ತ ಮೈಲಿಗೆಗೆ ನಮ್ಮಲ್ಲಿ ಅಮೆ ಎನ್ನುತ್ತೇವೆ, ಅಮೆ ಕಳೆಯುವವರೆಗೆ ಬಾಣಂತಿ ಹೊಸಿಲು ದಾಟಬಾರದು, ಪತ್ತಾಯದ ಕೋಣೆಯ ಕಡೆ ನೆರಳನ್ನೂ ಹಾಕಬಾರದು. ಗೋಡೆ ಹಿಡಿದುಕೊಂಡು ನಡೆದೆ. ತೊಡೆಯಲ್ಲಿ ಬಿಸಿ ಇಳಿಯುತ್ತಿತ್ತು. ಬಾಗಿಲಿಗೆ ಎರಡೂ ಅಂಗೈ ಕೊಟ್ಟು ನನ್ನ ಮೈಭಾರವನ್ನೆಲ್ಲ ಹಾಕಿ ದೂಡಿದೆ.

ಅಷ್ಟು ಜೋರಾದ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪ್ರತಿ ಸಲ ಅಡುಗೆಮನೆಯಲ್ಲಿರುತ್ತಿದ್ದೆ, ಈಗ ಅದರ ಎದುರಿಗೇ ನಿಂತಿದ್ದೆ.

ಜನ ಬಂದರು. ನನಗೆ ದಿನ ತುಂಬಿದ್ದು ಎಲ್ಲರಿಗೂ ಗೊತ್ತಿತ್ತು, ಎರಡು ತಿಂಗಳಿಂದ ಕೋವಿ ಸುಮ್ಮನಿತ್ತು. ಹಾಗಾಗಿ ಇದು ನಿಜವಾದದ್ದೇ ಎಂದು ಪಿಕಿಂಗ್ ಬಿಟ್ಟು, ಚೀಲ ಸೊಂಟಕ್ಕೆ ಕಟ್ಟಿಕೊಂಡೇ ಬಂದರು. ಅಷ್ಟರಲ್ಲಿ ಆ ಹೆಂಗಸು ನನ್ನನ್ನು ಎಳೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

“ಹೈದನಾ?” ಎಂದು ಮೇಲಿನ ಮನೆಯ ಅಜ್ಜ ಕೇಳಿದರು.

“ಇಲ್ಲೆ, ಇಲ್ಲೆ,” ಎಂದರು ಮಾವ. “ಅದ್ ಆ ಬಾಗಿಲಿಂದ್. ಅಲಾರಾಂ ಮತ್ತೆ ಹಾಳಾತ್.”

ಮದುವೆಯಾಗಿ ಬಂದ ಮೇಲೆ ನಾನು ಮಾವನಿಗೆ ಎದುರಾಗಿ ಆಡಿದ ಮೊದಲ ಮಾತು ಅದು. ಕಿಟಕಿಯ ಸರಳು ಹಿಡಿದು ಮೇಲೆದ್ದು, ಅಂಗಳದ ಆಚೆ ತುದಿಗೂ ಕೇಳುವ ಹಾಗೆ ಹೇಳಿದೆ.

“ಹಾಳಾಗಿಲ್ಲೆ ಮಾವ. ಬಾಗಿಲು ತೆಗ್ದದ್ ನಾನೇ. ಗೂಡೆ ಹುಟ್ಟಿತ್.”

ಗೂಡೆ ಎಂದರೆ ಹೆಣ್ಣು ಮಗು. ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದು ಕಾಣಿಸಿತು. ಮೇಲಿನ ಮನೆಯ ಅಜ್ಜ ಕಿಟಕಿಯ ಕಡೆಗೊಮ್ಮೆ, ಮಾವನ ಕಡೆಗೊಮ್ಮೆ ನೋಡಿದರು. ಆಮೇಲೆ ಹೋಗಿ ಜಗಲಿಯಲ್ಲಿ ಕೂತು ಊರುಗೋಲನ್ನು ಪಕ್ಕಕ್ಕಿಟ್ಟರು.

“ಗೂಡೆ ಆದ್ರೆ ಕಾಫಿ ಇಲ್ಲೆಯಾ?” ಎಂದರು.

ಕಾಫಿ ಆಯಿತು. ಆ ದಿನ ಅತ್ತೆ ಮಾಡಿದರು. ಬೆಲ್ಲಕ್ಕೆ ಯಾರನ್ನೂ ಕರೆಯಬೇಕಾಗಲಿಲ್ಲ, ಪತ್ತಾಯದ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಹೆಂಗಸರು ದೂರದಿಂದ ಮಗುವನ್ನು ನೋಡಿ ಹೋದರು. ಆ ತುಳು ಹೆಂಗಸಿಗೂ ಜಗಲಿಯ ತುದಿಯಲ್ಲಿ ಲೋಟ ಕೊಟ್ಟರು. ಮಾವ ಅವಳಿಗೆ ಏನಾದರೂ ಹೇಳುತ್ತಾರೆಯೇ ಎಂದು ಕಿವಿಗೊಟ್ಟು ಕಾದೆ. ಏನೂ ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ.

ಸಂಜೆಗೆ ಅವರು ಹಳೆಯ ಕೋವಿಯನ್ನು ಕಂಬದಿಂದ ಬಿಚ್ಚಿ ತಂದು ಜಗಲಿಯಲ್ಲಿ ಒರೆಸುತ್ತಾ ಕೂತಿದ್ದರು. ನನ್ನ ದೊಡ್ಡ ಮಗಳು ಅವರ ಪಕ್ಕದಲ್ಲಿದ್ದಳು. ದಿನವಿಡೀ ಅವಳನ್ನು ಯಾರೂ ವಿಚಾರಿಸಿರಲಿಲ್ಲ. ಗುಂಡು ಯಾಕೆ ಹಾರಿತು ಎಂದು ಕೇಳಿದಳು. ನಿನಗೆ ತಂಗಿ ಹುಟ್ಟಿದ್ದಕ್ಕೆ ಎಂದು ಅತ್ತೆ ಹೇಳಿದರು.

“ಅಜ್ಜ, ನಾ ಹುಟ್ಟಿದಾಗಲೂ ಹೀಂಗೆ ಡಂ ಆತಾ?”

ಒರೆಸುವ ಬಟ್ಟೆಯ ಸದ್ದು ನಿಂತಿತು. ಒಳಗೆ ನಾನು ಮಗುವಿನ ಬಾಯಿಂದ ಮೊಲೆ ಬಿಡಿಸಿ ಕೇಳಿಸಿಕೊಂಡೆ. ಮಾವ ಎದ್ದು ಗೂಟದಿಂದ ಒಳ್ಳೆಯ ಕೋವಿ ಇಳಿಸಿದರು. ತೋಟಾ ಕೂತ ಸದ್ದು ಕೇಳಿಸಿತು. ಅವರನ್ನು ಅಷ್ಟು ದ್ವೇಷಿಸುತ್ತಿದ್ದ ನಾನು ಆ ಒಂದು ಗಳಿಗೆ, ಹೊಡೆಯಿರಿ ಮಾವ, ಹೊಡೆಯಿರಿ ಎಂದು ಬೇಡಿಕೊಂಡೆ.

“ಬೊಡ,” ಎಂದರು ಅತ್ತೆ ಒಳಬಾಗಿಲಿನಿಂದ. “ಇವತ್ತು ಇನ್ನೊಂದು ಹೊಡೆದ್ರೆ ಎರಡಾತ್. ಸತ್ತದ್ ಯಾರು ಹೇಳಿ ಮತ್ತೆ ಊರೇ ಬಂದದೆ.”

ಟಕ್ ಎಂದಿತು. ತೋಟಾ ಹೊರಗೆ ಬಂತು.

“ನಾಳೆ ಹೊಡೆಯುವ,” ಎಂದರು ಮಾವ ದೊಡ್ಡವಳಿಗೆ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಎದ್ದು, ಮುಖವನ್ನೂ ತೊಳೆಯದೆ ಹೋಗಿ ಅಂಗಳದ ನಡುವೆ ನಿಂತಳು. ಸದ್ದು ಜೋರಾಗಿರುತ್ತದೆಂದು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. ಮಾವ ಎದ್ದು ಬಂದವರು ಜಗಲಿಯಿಂದ ಅವಳನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, ಅಡುಗೆಮನೆಯ ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋದರು.